ನಾಲ್ಕು ಚೌಕಗಳ ಪಡೆ

ಕೆಲಸದ ನಿಮಿತ್ತ ಪೋಲೆಂಡಿನ ಕ್ರಾಕುಫ್ ನಗರದಲ್ಲಿದ್ದ ಎರಡು ವರ್ಷಗಳಲ್ಲಿ ನನ್ನ ಎಷ್ಟೋ ಭಾನುವಾರಗಳು ಅಲ್ಲಿನ ವಿಮಾನ ಸಂಗ್ರಹಾಲಯದಲ್ಲೇ ಕಳೆದವು. ಊರಿನ ಪೂರ್ವ ದಿಕ್ಕಿಗೆ ರಕೋವಿತ್ಸೆ ಮತ್ತು ಚಿಜಿನಿ ಎಂಬ ಬಡಾವಣೆಗಳ ನಡುವೆ, 1912ರಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯವು ತನ್ನ ಸೈನ್ಯಕ್ಕೆಂದು ಮಾಡಿಸಿಕೊಂಡ ವಿಮಾನನೆಲೆಯ ಅಂಗಳದಲ್ಲಿ ಈ ಸಂಗ್ರಹಾಲಯವಿದೆ. ಹುಲ್ಲಿನ ಮೇಲೆ ಸಾಲಾಗಿ ನಿಂತ ಬಣ್ಣ ಮಾಸಿದ ಮಿಗ್‌ಗಳನ್ನು ದಾಟಿ ಒಳಗೆ ಹೋದರೆ, ಹಸಿರು-ಕಂದು ಬಣ್ಣದ, ಬಾಗಿದ ರೆಕ್ಕೆಗಳ ಪುಟ್ಟ ಯುದ್ಧವಿಮಾನವೊಂದು ಕಾಣುತ್ತದೆ. ಪಿ-11ಸಿ ಎಂಬ ಈ ಮಾದರಿಯಲ್ಲಿ ಇಡೀ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ. ನಾನು ಅದರ ಫೋಟೋ ತೆಗೆದುಕೊಂಡೆ. ಈಚಿನ ಮಿಗ್-29 ಒಂದರ ಚಿತ್ರವಿದ್ದ ಪೋಸ್ಟ್‌ಕಾರ್ಡನ್ನೂ ಕೊಂಡು ತಂದೆ. ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಎರಡು ವಿಮಾನಗಳ ಮೇಲೂ ಪೋಲೆಂಡಿನ ಗುರುತಾದ ಕೆಂಪು-ಬಿಳಿ ನಾಲ್ಕು ಚೌಕಗಳಿದ್ದವು. ಆದರೆ ಹಳೆಯದರಲ್ಲಿ ಎಡ ಮೇಲ್ಮೂಲೆಯ ಚೌಕ ಕೆಂಪು, ಹೊಸದರಲ್ಲಿ ಬಿಳಿ. ಫೋಟೋ ತಿರುವುಮುರುವಾಗಿರಬೇಕು ಎಂದುಕೊಂಡು ಬಾಲದ ಮೇಲಿನ ಅಂಕಿಗಳನ್ನು ನೋಡಿದೆ. ಅವು ನೆಟ್ಟಗೇ ಇದ್ದವು.

ತಪ್ಪು ಫೋಟೋದ್ದಲ್ಲ. 1993ರಲ್ಲಿ ಪೋಲೆಂಡಿನ ಸಂಸತ್ತು ಸೇನಾ ಚಿಹ್ನೆಗಳ ಬಗ್ಗೆ ಕಾನೂನು ಮಾಡಿದಾಗ, ಲಾಂಛನಶಾಸ್ತ್ರದ ಪ್ರಕಾರ ಬಿಳಿ ಬಣ್ಣಕ್ಕೇ ಮೊದಲ ಸ್ಥಾನ ಸಲ್ಲಬೇಕೆಂದು ಚೌಕಗಳ ಕ್ರಮವನ್ನು ಅದಲುಬದಲು ಮಾಡಿತು. ಎಪ್ಪತ್ತೈದು ವರ್ಷ ಕೆಂಪು ಮುಂದಾಗಿ ಹಾರಿದ ಗುರುತು ಅಂದಿನಿಂದ ಬಿಳಿ ಮುಂದಾಗಿ ಹಾರತೊಡಗಿತು. ಇಷ್ಟು ಸಣ್ಣ ವಿಷಯಕ್ಕೆ ಕಾನೂನೇ ಬೇಕಾಯಿತೇ ಎಂದು ಆಗ ನನಗೆ ನಗು ಬಂದಿತ್ತು. ಆ ದೇಶದ ಸೈನಿಕ ವಿಮಾನಯಾನದ ಇತಿಹಾಸವನ್ನು ಓದುತ್ತ ಹೋದಂತೆ ಆ ನಗು ನಿಂತಿತು, ಏಕೆಂದರೆ ಈ ನೂರು ವರ್ಷಗಳಲ್ಲಿ ಆ ಪಡೆಯ ವಿಮಾನಗಳು, ನೆಲೆಗಳು, ಸಮವಸ್ತ್ರ, ಆಜ್ಞೆಯ ಭಾಷೆ, ಪ್ರಮಾಣವಚನ, ಎಲ್ಲವೂ ಒಂದಲ್ಲ ಒಂದು ಸಲ ಬೇರೆಯವರ ಪಾಲಾಗಿದ್ದವು. ತನ್ನದೆಂದು ಹೇಳಿಕೊಳ್ಳಲು ಎಂದೂ ಕೈಬಿಡದೆ ಉಳಿಸಿಕೊಂಡದ್ದು ಈ ನಾಲ್ಕು ಚೌಕಗಳನ್ನು ಮಾತ್ರ.

ಆ ಗುರುತು ಹುಟ್ಟಿದ ರೀತಿಯೂ ಸ್ವಾರಸ್ಯಕರವಾಗಿದೆ. 123 ವರ್ಷ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳ ನಡುವೆ ಹಂಚಿಹೋಗಿದ್ದ ಪೋಲೆಂಡ್ ಮತ್ತೆ ದೇಶವಾದದ್ದು 1918ರ ನವೆಂಬರ್ 11ರಂದು. ಅದಕ್ಕೂ ಆರು ದಿನ ಮೊದಲೇ, ಇಂದು ಉಕ್ರೇನಿನಲ್ಲಿರುವ ಲ್ವಿವ್ ನಗರದಲ್ಲಿ (ಪೋಲಿಷರ ಬಾಯಲ್ಲಿ ಲ್ವುಫ್) ಪೋಲಿಷರಿಗೂ ಉಕ್ರೇನಿಯನ್ನರಿಗೂ ಬೀದಿ ಕಾಳಗ ನಡೆಯುತ್ತಿದ್ದಾಗ, ಸ್ಟೆಫಾನ್ ಬಸ್ತಿರ್ ಮತ್ತು ಯಾನುಶ್ ದ ಬೋರೆನ್ ಎಂಬ ಇಬ್ಬರು ಆಸ್ಟ್ರಿಯನ್ನರು ಬಿಟ್ಟುಹೋದ ವಿಮಾನವೊಂದನ್ನು ಹತ್ತಿ ಹಾರಿದರು. ಪೋಲಿಷ್ ಸೈನಿಕ ವಿಮಾನಯಾನದ ಮೊದಲ ಯುದ್ಧ ಹಾರಾಟವೆಂದು ಎಣಿಸುವುದು ಇದನ್ನೇ. ಅಂದರೆ ದೇಶ ಅಧಿಕೃತವಾಗಿ ಹುಟ್ಟುವ ಮೊದಲೇ ಅದರ ವಿಮಾನ ಹಾರಿತ್ತು, ಅದೂ ಅಳಿದುಹೋಗುತ್ತಿದ್ದ ಇನ್ನೊಂದು ಸಾಮ್ರಾಜ್ಯದ ವಿಮಾನ. ಅದೇ ಲ್ವುಫ್ ರಂಗದಲ್ಲಿದ್ದ ಸ್ಟೆಫಾನ್ ಸ್ಟೆಟ್ಸ್ ಎಂಬ ಪೈಲಟ್ ತನ್ನ ಫೊಕ್ಕರ್ ವಿಮಾನದ ಮೇಲೆ ಸ್ವಂತದ ಗುರುತಾಗಿ ಕೆಂಪು-ಬಿಳಿ ಚೌಕಗಳನ್ನು ಬರೆಸಿಕೊಂಡಿದ್ದ. 1918ರ ಡಿಸೆಂಬರ್ 1ರಂದು ಅದೇ ಇಡೀ ದೇಶದ ವಾಯು ಗುರುತಾಯಿತು. ಪೋಲಿಷ್ ಭಾಷೆಯಲ್ಲಿ ಅದರ ಹೆಸರು ಶಖೋವ್ನಿತ್ಸಾ, ಅಂದರೆ ಚದುರಂಗದ ಹಾಸು.

ಮೊದಲ ವರ್ಷಗಳ ಆ ಪಡೆಯನ್ನು ಸಂಘಟನೆ ಎಂದು ಕರೆಯುವುದು ಕಷ್ಟ. ಜರ್ಮನ್ ಸೈನ್ಯದಲ್ಲಿ ಕಲಿತವರು, ಆಸ್ಟ್ರಿಯನ್ ಸೈನ್ಯದಲ್ಲಿ ಕಲಿತವರು, ಜಾರ್‌ನ ರಷ್ಯಾದಲ್ಲಿ ಕಲಿತವರು, ಮೂರು ಬಗೆಯ ಶಿಸ್ತು ಮತ್ತು ಮೂರು ಬಗೆಯ ಬೈಗುಳಗಳೊಡನೆ ಒಂದೇ ಶೆಡ್ಡಿನಲ್ಲಿ ಸೇರಿದ್ದರು. ವಿಮಾನಗಳೂ ಹಾಗೆಯೇ. 1919ರ ಜನವರಿ 6ರಂದು ಪೊಜ್ನಾನ್ ಬಳಿಯ ವಾವಿತ್ಸಾ ನೆಲೆಯನ್ನು ಪೋಲಿಷ್ ಬಂಡುಕೋರರು ಜರ್ಮನರಿಂದ ಕಿತ್ತುಕೊಂಡಾಗ ಒಂದೇ ಏಟಿಗೆ ದೊಡ್ಡ ಸಂಖ್ಯೆಯ ವಿಮಾನಗಳು ಕೈಸೇರಿದವು. ಅದೇ ವರ್ಷ ಜನರಲ್ ಹಾಲ್ಲರ್ ಅವರ ಪೋಲಿಷ್ ಸೇನೆ ಫ್ರಾನ್ಸಿನಿಂದ ಬರುವಾಗ ಫ್ರೆಂಚ್ ವಿಮಾನಗಳನ್ನೂ ತಂದಿತು. ಸೋವಿಯತ್ ರಷ್ಯಾದೊಡನೆ ನಡೆದ ಯುದ್ಧದಲ್ಲಿ ಅಮೆರಿಕದ ಸ್ವಯಂಸೇವಕ ಪೈಲಟ್‌ಗಳೂ ಸೇರಿಕೊಂಡರು. ಮೆರಿಯನ್ ಕೂಪರ್ ಮತ್ತು ಸೆಡ್ರಿಕ್ ಫಾಂಟ್ಲರಾಯ್ ಕಟ್ಟಿದ ಆ ತುಕಡಿಯ ಹೆಸರು ಕೊಷ್ಚೂಷ್ಕೊ ಸ್ಕ್ವಾಡ್ರನ್. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಪೋಲಿಷ್ ಸೇನಾನಿ ತದೇವುಷ್ ಕೊಷ್ಚೂಷ್ಕೊನ ಋಣ ತೀರಿಸಲು ಬಂದಿದ್ದೇವೆ ಎಂಬುದು ಅವರ ಭಾವ. 1920ರ ಜುಲೈನಲ್ಲಿ ಕೂಪರ್‌ನ ವಿಮಾನ ಉರುಳಿ ಅವನು ಸೋವಿಯತ್ ಸೆರೆ ಸೇರಿದ, ಮುಂದೆ ತಪ್ಪಿಸಿಕೊಂಡು ಬಂದ. ಹದಿಮೂರು ವರ್ಷಗಳ ಬಳಿಕ ಹಾಲಿವುಡ್‌ನಲ್ಲಿ ‘ಕಿಂಗ್ ಕಾಂಗ್’ ತೆಗೆದವನೂ ಇದೇ ಕೂಪರ್. ಅವರ ತುಕಡಿಯ ಲಾಂಛನವನ್ನು ಬರೆದವನು ಎಲಿಯಟ್ ಚೆಸ್ ಎಂಬ ಇನ್ನೊಬ್ಬ ಅಮೆರಿಕನ್. ರೈತರ ನೆಟ್ಟ ಕುಡುಗೋಲುಗಳು, ನಾಲ್ಕು ಮೂಲೆಯ ಕೆಂಪು ಟೋಪಿ, ಸುತ್ತ ಅಮೆರಿಕದ ನಕ್ಷತ್ರ-ಪಟ್ಟಿಗಳಿರುವ ಆ ಲಾಂಛನ ಈ ಕಥೆಯಲ್ಲಿ ಮುಂದೆಯೂ ಬರುತ್ತದೆ.

ಯುದ್ಧ ಮುಗಿದ ಮೇಲೆ ಪಡೆಗೊಂದು ಕ್ರಮ ಬಂತು. ವಾರ್ಸಾ, ಕ್ರಾಕುಫ್, ಪೊಜ್ನಾನ್, ತೊರೂನ್, ಲಿದಾ, ಲ್ವುಫ್ ಈ ಆರು ಊರುಗಳಲ್ಲಿ ಆರು ವಾಯು ರೆಜಿಮೆಂಟುಗಳು ನೆಲೆಯೂರಿದವು. ಅಧಿಕಾರಿಗಳ ಶಾಲೆ 1925ರಲ್ಲಿ ಗ್ರುಜೊಂಜ್‌ನಲ್ಲಿ ಆರಂಭವಾಗಿ, 1927ರಲ್ಲಿ ವಿಸ್ತುಲಾ ನದಿಯ ದಂಡೆಯ ದೆಂಬ್ಲಿನ್‌ಗೆ ಹೋಯಿತು. ಇಂದಿಗೂ ಅಲ್ಲೇ ಇದೆ. ‘ಮರಿಹದ್ದುಗಳ ಶಾಲೆ’ ಎಂದು ಅದನ್ನು ಪ್ರೀತಿಯಿಂದ ಕರೆಯುತ್ತಾರೆ. ಫೈಟರ್ ತುಕಡಿಗಳಿಗೆ ಸಂಖ್ಯೆ ಕೊಡುವುದರಲ್ಲೂ ಒಂದು ಲೆಕ್ಕಾಚಾರವಿತ್ತು. ಮೂರಂಕಿಯ ಸಂಖ್ಯೆಯಲ್ಲಿ ಮೊದಲನೆಯದು ಅದು ಫೈಟರ್ ಎಂಬುದಕ್ಕೆ, ಎರಡನೆಯದು ಯಾವ ರೆಜಿಮೆಂಟಿನದು ಎಂಬುದಕ್ಕೆ, ಮೂರನೆಯದು ಆ ರೆಜಿಮೆಂಟಿನಲ್ಲಿ ಎಷ್ಟನೆಯದು ಎಂಬುದಕ್ಕೆ. ಸಂಗ್ರಹಾಲಯದ ಪಿ-11ಸಿ 121ನೇ ತುಕಡಿಯದು. ಅಂದರೆ ಎರಡನೇ ರೆಜಿಮೆಂಟಿನ ಮೊದಲ ಫೈಟರ್ ತುಕಡಿ, ಅಂದರೆ ಕ್ರಾಕುಫ್‌ನದೇ, ಅಂದರೆ ಅದು ಈಗ ನಿಂತಿರುವ ನೆಲದ್ದೇ. ಈ ಲೆಕ್ಕ ಗೊತ್ತಾದ ದಿನ ಆ ವಿಮಾನದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಇಷ್ಟೆಲ್ಲ ಆದರೂ ವಿಮಾನಪಡೆ ಸ್ವತಂತ್ರ ಸೇನೆಯಾಗಿರಲಿಲ್ಲ, ಭೂಸೇನೆಯ ಒಂದು ಅಂಗವಾಗಿತ್ತು. ಮುಂದೆ ಬಂದ ಕಷ್ಟಗಳ ಬೇರನ್ನು ಹುಡುಕುವಾಗ ಈ ಅಂಶವನ್ನು ಮರೆಯಬಾರದು.

1926ರಿಂದ 1939ರವರೆಗೆ ಆ ಅಂಗದ ಮುಖ್ಯಸ್ಥರಾಗಿದ್ದವರು ಲುದೋಮಿವ್ ರೈಸ್ಕಿ. ಪೋಲೆಂಡ್ ಹಾರಿಸುವ ವಿಮಾನವನ್ನು ಪೋಲೆಂಡೇ ಮಾಡಬೇಕು ಎಂಬುದು ಅವರ ಹಟ. 1928ರಲ್ಲಿ ಪಿ.ಝೆಡ್.ಎಲ್. ಎಂಬ ಸರ್ಕಾರಿ ಕಾರ್ಖಾನೆ ಆರಂಭವಾಯಿತು. ಅಲ್ಲಿಗೆ ಬಂದ ಜಿಗ್ಮುಂಟ್ ಪುವಾವ್ಸ್ಕಿ ಎಂಬ ಇಪ್ಪತ್ತರ ಹರೆಯದ ಎಂಜಿನಿಯರ್ ಒಂದು ಹೊಸ ಬಗೆಯ ರೆಕ್ಕೆಯನ್ನು ರೂಪಿಸಿದ. ಸಂಗ್ರಹಾಲಯದ ಪಿ-11ರ ಮೂತಿಗೆ ನೇರವಾಗಿ ನಿಂತು ನೋಡಿದರೆ ಅದರ ಜಾಣ್ಮೆ ಯಾರಿಗಾದರೂ ತಿಳಿಯುತ್ತದೆ. ರೆಕ್ಕೆ ಒಡಲಿನಿಂದ ಹೊರಟಲ್ಲಿ ತೆಳುವಾಗಿದ್ದು ಮೇಲಕ್ಕೇರುತ್ತದೆ, ಸ್ವಲ್ಪ ದೂರದಲ್ಲಿ ದಪ್ಪವಾಗಿ ಮಡಚಿ ಅಡ್ಡಕ್ಕೆ ಚಾಚುತ್ತದೆ, ತೇಲುವ ಕಡಲಹಕ್ಕಿ ರೆಕ್ಕೆ ಬಿಚ್ಚಿದಂತೆ. ಆ ತೆಳುವಾದ ಜಾಗಕ್ಕೆ ಸರಿಯಾಗಿ ಪೈಲಟ್‌ನ ಕಣ್ಣು ಬರುತ್ತದೆ. ಆ ಕಾಲದ ಎರಡು ಪದರ ರೆಕ್ಕೆಯ ವಿಮಾನಗಳಲ್ಲಿ ಕೂತವನಿಗೆ ಮೇಲಿನ ರೆಕ್ಕೆ ಆಕಾಶವನ್ನೂ ಕೆಳಗಿನ ರೆಕ್ಕೆ ನೆಲವನ್ನೂ ಮರೆಮಾಡುತ್ತಿದ್ದರೆ, ಇಲ್ಲಿ ಎರಡೂ ಕಾಣುತ್ತಿದ್ದವು. ಒಡಲು, ರೆಕ್ಕೆ ಎಲ್ಲವೂ ಲೋಹ. ಬೇರೆ ದೇಶಗಳು ಇನ್ನೂ ಮರ-ಬಟ್ಟೆಯಲ್ಲಿ ವಿಮಾನ ಕಟ್ಟುತ್ತಿದ್ದ ಕಾಲ ಅದು. 1931ರ ಮಾರ್ಚ್ 21ರಂದು ತಾನೇ ರೂಪಿಸಿದ ನೀರು-ನೆಲ ಎರಡರಲ್ಲೂ ಇಳಿಯಬಲ್ಲ ವಿಮಾನವೊಂದನ್ನು ಹಾರಿಸುವಾಗ ಪುವಾವ್ಸ್ಕಿ ಸತ್ತ. ಅವನಿಗೆ ಮೂವತ್ತು ತುಂಬಿರಲಿಲ್ಲ. ಅವನ ಮೊದಲ ಮಾದರಿಯಿಂದ ಪಿ-7, ಪಿ-11ಗಳು ಬೆಳೆದವು; ಮೂವತ್ತರ ದಶಕದ ಆರಂಭದಲ್ಲಿ ಪೋಲೆಂಡಿನ ಫೈಟರ್ ಪಡೆ ಜಗತ್ತಿನ ಮುಂಚೂಣಿಯಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಪೋಲೆಂಡಿನಲ್ಲಿ ವಿಮಾನಯಾನದ ದಿನವನ್ನು ಆಗಸ್ಟ್ 28ರಂದು ಆಚರಿಸುವುದಕ್ಕೆ ಕಾರಣವಾದ ಗೆಲುವೂ ಆ ವರ್ಷಗಳದೇ. 1932ರಲ್ಲಿ ಆ ದಿನ ಬರ್ಲಿನ್ನಿನಲ್ಲಿ ಮುಗಿದ ಅಂತರರಾಷ್ಟ್ರೀಯ ಪ್ರವಾಸಿ ವಿಮಾನ ಸ್ಪರ್ಧೆಯಲ್ಲಿ ಫ್ರಾಂಚಿಷೆಕ್ ಜ್ವಿರ್ಕೊ ಮತ್ತು ಸ್ತಾನಿಸ್ವಾಫ್ ವಿಗೂರಾ ಗೆದ್ದರು. ಎರಡೇ ವಾರಕ್ಕೆ, ಸೆಪ್ಟೆಂಬರ್ 11ರಂದು, ಪ್ರಾಗ್‌ಗೆ ಹೋಗುವ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಇಬ್ಬರೂ ಅದೇ ವಿಮಾನದಲ್ಲಿ ಸತ್ತರು.

ಆದರೆ ವಿಮಾನಗಳ ವಿಷಯದಲ್ಲಿ ಮುಂಚೂಣಿ ಎನ್ನುವುದು ನಾಲ್ಕೈದು ವರ್ಷದ ಮಾತು. ಜರ್ಮನಿಯ ಮೆಸ್ಸರ್‌ಶ್ಮಿಟ್‌ಗಳು ಗಂಟೆಗೆ 550 ಕಿಲೋಮೀಟರ್ ಮುಟ್ಟುತ್ತಿದ್ದಾಗ ಪಿ-11ಸಿ 400ನ್ನೂ ದಾಟುತ್ತಿರಲಿಲ್ಲ. ಅದರ ಚಕ್ರಗಳು ಒಳಕ್ಕೆ ಮಡಚುತ್ತಿರಲಿಲ್ಲ, ಕಾಕ್‌ಪಿಟ್‌ಗೆ ಮೇಲ್ಮುಚ್ಚಳವಿರಲಿಲ್ಲ, ಬಹುಪಾಲು ವಿಮಾನಗಳಲ್ಲಿದ್ದುದು ಎರಡೇ ಮೆಷಿನ್ ಗನ್. ಅದನ್ನೇ ಸುಧಾರಿಸಿ, ಹೆಚ್ಚು ಬಲದ ಎಂಜಿನ್ ಕೂರಿಸಿದ ಪಿ-24 ಎಂಬ ವಿಮಾನವನ್ನು ಪೋಲೆಂಡ್ ತಯಾರಿಸಿತು. ಟರ್ಕಿ, ಗ್ರೀಸ್, ರುಮೇನಿಯಾ, ಬಲ್ಗೇರಿಯಾಗಳಿಗೆ ಮಾರಿತು. ತನ್ನ ಪಡೆಗೆ ಮಾತ್ರ ಕೊಳ್ಳಲಿಲ್ಲ. ಮುಂದಿನ ತಲೆಮಾರಿನ ಫೈಟರ್ ಇನ್ನೇನು ಬಂದೇಬಿಡುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣ. ಅದು ಬರಲೇ ಇಲ್ಲ. ಹಣವಿಲ್ಲದ ದೇಶವು ಸ್ವಾವಲಂಬನೆ ಮತ್ತು ರಫ್ತುಗಳ ನಡುವೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ರೈಸ್ಕಿ 1939ರ ಮಾರ್ಚ್‌ನಲ್ಲಿ ಹುದ್ದೆ ಬಿಟ್ಟರು.

ಪೋಲಿಷ್ ವಿಮಾನಗಳೆಲ್ಲ 1939ರ ಸೆಪ್ಟೆಂಬರ್ 1ರ ಬೆಳಿಗ್ಗೆ ನೆಲದ ಮೇಲೇ ನಾಶವಾದವು ಎಂಬ ಮಾತನ್ನು ನಾನೂ ಚಿಕ್ಕಂದಿನಲ್ಲಿ ಎಲ್ಲೋ ಓದಿ ನಂಬಿದ್ದೆ. ಅದು ನಿಜವಲ್ಲ. ಯುದ್ಧ ಹತ್ತಿರವಾದಂತೆ ತುಕಡಿಗಳನ್ನು ಶಾಶ್ವತ ನೆಲೆಗಳಿಂದ ಎಬ್ಬಿಸಿ ಹೊಲಗಳ ನಡುವಿನ ತಾತ್ಕಾಲಿಕ ಪಟ್ಟಿಗಳಿಗೆ ಚದುರಿಸಲಾಗಿತ್ತು. ಜರ್ಮನ್ ಬಾಂಬುಗಳು ರಕೋವಿತ್ಸೆಯ ಮೇಲೆ ಬಿದ್ದಾಗ, ಅಂದರೆ ಸಂಗ್ರಹಾಲಯವಿರುವ ಇದೇ ನೆಲದ ಮೇಲೆ, ಸುಟ್ಟುಹೋದದ್ದು ಹೆಚ್ಚಾಗಿ ತರಬೇತಿಯ ಮತ್ತು ಹಳೆಯ ವಿಮಾನಗಳು. ಕ್ರಾಕುಫ್‌ನ ಫೈಟರ್‌ಗಳು ಆಗಲೇ ಬಾಲಿತ್ಸೆಗೆ ಹೋಗಿದ್ದವು. ಆ ಬೆಳಿಗ್ಗೆ ಅಲ್ಲಿಂದ ಮೇಲೇರುತ್ತಿದ್ದಾಗಲೇ ಅವರ ನಾಯಕ ಕ್ಯಾಪ್ಟನ್ ಮಿಯೆಚಿಸ್ವಾಫ್ ಮೆದ್ವೆಟ್ಸ್ಕಿಯನ್ನು ಜರ್ಮನ್ ವಿಮಾನವೊಂದು ಹೊಡೆದುರುಳಿಸಿತು. ಅವನ ಜೊತೆಯಲ್ಲೇ ಏರುತ್ತಿದ್ದ ವ್ವಾದಿಸ್ವಾಫ್ ಗ್ನಿಶ್ ತಪ್ಪಿಸಿಕೊಂಡು ಹೋಗಿ ಎರಡು ಜರ್ಮನ್ ಬಾಂಬರ್‌ಗಳನ್ನು ಎದುರಿಸಿದ. ಎರಡೂ ಜುರಾದಾ ಎಂಬ ಹಳ್ಳಿಯ ಬಳಿ ಬಿದ್ದವು. ಎರಡನೇ ಮಹಾಯುದ್ಧದ ಮೊದಲ ಗಂಟೆಗಳ ಮಾತಿದು. ಇಂದು ಬಾಲಿತ್ಸೆ ಕ್ರಾಕುಫ್‌ನ ನಾಗರಿಕ ವಿಮಾನ ನಿಲ್ದಾಣ. ರಜೆಗೆ ಊರಿಗೆ ಬರುವಾಗ ಸೂಟ್‌ಕೇಸ್ ಎಳೆದುಕೊಂಡು ನಾನು ಸಾಲಿನಲ್ಲಿ ನಿಲ್ಲುತ್ತಿದ್ದುದು ಅಲ್ಲಿಯೇ.

ಸೋಲಿಗೆ ಹಳೆಯ ವಿಮಾನಗಳಷ್ಟೇ ಸಂಘಟನೆಯೂ ಕಾರಣ ಎಂದು ನನಗನ್ನಿಸುತ್ತದೆ. ಸೇನಾಪತಿಯ ನೇರ ಕೈಯಲ್ಲಿದ್ದುದು ಎರಡೇ ಬ್ರಿಗೇಡುಗಳು: ವಾರ್ಸಾ ಕಾಯುವ ಫೈಟರ್ ಬ್ರಿಗೇಡ್, ಇನ್ನೊಂದು ಬಾಂಬರ್ ಬ್ರಿಗೇಡ್. ಉಳಿದ ತುಕಡಿಗಳನ್ನು ಗಡಿಯುದ್ದಕ್ಕೂ ಇದ್ದ ಬೇರೆ ಬೇರೆ ಸೇನೆಗಳಿಗೆ ಕೆಲವೇ ವಿಮಾನಗಳಂತೆ ಹಂಚಿಬಿಟ್ಟಿದ್ದರು. ಪ್ರತಿ ಜನರಲ್‌ಗೂ ತನ್ನ ತಲೆಯ ಮೇಲೊಂದು ಕೊಡೆ ಬೇಕಾಗಿತ್ತು, ಮಳೆ ಸುರಿದಾಗ ಯಾವ ಕೊಡೆಯೂ ಸಾಲಲಿಲ್ಲ. ವಾರ್ಸಾದ ಬ್ರಿಗೇಡ್ ಸುಮಾರು ಐವತ್ತು ವಿಮಾನಗಳಿಂದ ಕಾದಾಡಿ ಒಂದೇ ವಾರದೊಳಗೆ ರಾಜಧಾನಿಯಿಂದ ಹಿಂದೆ ಸರಿಯಬೇಕಾಯಿತು. ಒಳ್ಳೆಯ ಆಧುನಿಕ ಬಾಂಬರ್ ಆಗಿದ್ದ ವೋಶ್ ವಿಮಾನಗಳು ಮೂವತ್ತಾರು ಇದ್ದವು. ಅವನ್ನು ಜರ್ಮನ್ ಟ್ಯಾಂಕ್ ಸಾಲುಗಳ ಮೇಲೆ ಸಣ್ಣ ಸಣ್ಣ ಗುಂಪುಗಳಲ್ಲಿ ಕಳುಹಿಸಿ ಕಳೆದುಕೊಂಡರು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೈನ್ಯವೂ ನುಗ್ಗಿದಾಗ, ಹಾರಬಲ್ಲ ವಿಮಾನಗಳಿಗೆ ರುಮೇನಿಯಾಕ್ಕೆ ಹೋಗಲು ಆಜ್ಞೆಯಾಯಿತು.

ಅಲ್ಲಿಂದ ಮುಂದಿನದು ವಿಮಾನವಿಲ್ಲದ ವಾಯುಪಡೆಯ ಕಥೆ. ರುಮೇನಿಯಾ, ಹಂಗೆರಿಗಳ ಶಿಬಿರಗಳಿಂದ ಸಾವಿರಾರು ಜನ ಸುಳ್ಳು ಕಾಗದಗಳ ಮೇಲೆ ತಪ್ಪಿಸಿಕೊಂಡು ಫ್ರಾನ್ಸ್ ಸೇರಿದರು. 1940ರ ಜೂನ್‌ನಲ್ಲಿ ಫ್ರಾನ್ಸೂ ಬಿದ್ದಾಗ ಬ್ರಿಟನ್ ಸೇರಿದರು. ಅಲ್ಲಿ ಎದುರಾದ ಮೊದಲ ತೊಡಕು ಪ್ರಮಾಣವಚನದ್ದು. ಮೊದಲು ಬಂದವರನ್ನು ಬ್ರಿಟಿಷ್ ವಾಯುಪಡೆಯ ಮೀಸಲು ದಳಕ್ಕೆ ಸೇರಿಸಿಕೊಂಡು, ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿಸುವ ಏರ್ಪಾಡಾಗಿತ್ತು. ಇನ್ನೊಂದು ದೇಶದ ಅಧಿಕಾರಿಗಳಾಗಿದ್ದವರಿಗೆ ಇದು ಗಂಟಲಲ್ಲಿ ಇಳಿಯದ ತುತ್ತು. 1940ರ ಆಗಸ್ಟ್ 5ರ ಒಪ್ಪಂದದಲ್ಲಿ ಇದು ಬಗೆಹರಿಯಿತು. ಪೋಲಿಷ್ ವಾಯುಪಡೆ ಪೋಲಿಷ್ ಗಣರಾಜ್ಯದ ಸ್ವತಂತ್ರ ಸೇನೆಯಾಗಿಯೇ ಇರುತ್ತದೆ, ಕಾದಾಟದಲ್ಲಿ ಬ್ರಿಟಿಷರ ಆಜ್ಞೆಯಂತೆ ನಡೆಯುತ್ತದೆ. ಸ್ವದೇಶದಲ್ಲಿ ಭೂಸೇನೆಯ ಅಂಗವಾಗಿದ್ದ ಪಡೆಗೆ ತನ್ನದೇ ಪ್ರತ್ಯೇಕ ಸೇನೆಯೆಂಬ ಸ್ಥಾನ ಸಿಕ್ಕಿದ್ದು ನೆಲವನ್ನೇ ಕಳೆದುಕೊಂಡ ಮೇಲೆ, ಪರದೇಶದಲ್ಲಿ. ವಿಮಾನಗಳ ಮೇಲೆ ಬ್ರಿಟಿಷರ ವೃತ್ತಾಕಾರದ ಗುರುತಿರುತ್ತಿತ್ತು, ಅದರ ಜೊತೆಗೆ ಅಂಗೈಯಗಲದ ಕೆಂಪು-ಬಿಳಿ ಚೌಕವೂ ಇರುತ್ತಿತ್ತು.

ಲಂಡನ್ ಬಳಿಯ ನಾರ್ತೋಲ್ಟ್ ನೆಲೆಯಲ್ಲಿ ಕಟ್ಟಿದ 303ನೇ ಸ್ಕ್ವಾಡ್ರನ್ನಿಗೆ ಹಳೆಯ ಕೊಷ್ಚೂಷ್ಕೊ ಲಾಂಛನ ಬಂತು. ಅದಕ್ಕೆ ಇಬ್ಬಿಬ್ಬರು ನಾಯಕರು, ಒಬ್ಬ ಬ್ರಿಟಿಷ್, ಒಬ್ಬ ಪೋಲಿಷ್. ಅನುಭವಿ ಪೈಲಟ್‌ಗಳು ಶಾಲಾಮಕ್ಕಳಂತೆ ಹೊಸದಾಗಿ ಕಲಿಯಬೇಕಾಯಿತು. ಮೀಟರಿನ ಬದಲು ಅಡಿ, ಕಿಲೋಮೀಟರಿನ ಬದಲು ಮೈಲಿ. ಚಕ್ರ ಮಡಚದ ವಿಮಾನಗಳನ್ನೇ ಹಾರಿಸಿದವರು ಹರಿಕೇನ್ ಎಂಬ ಬ್ರಿಟಿಷ್ ಫೈಟರನ್ನು ಇಳಿಸುವಾಗ ಚಕ್ರ ಬಿಡುವುದನ್ನು ಮರೆಯುತ್ತಿದ್ದರು. ಎಲ್ಲಕ್ಕಿಂತ ಕಠಿಣವಾದದ್ದು ಎಂಜಿನ್ನಿನ ವೇಗ ಹೆಚ್ಚಿಸುವ ಹಿಡಿ, ಅಂದರೆ ಥ್ರಾಟಲ್. ಅವರು ಅಲ್ಲಿಯವರೆಗೆ ಹಾರಿಸಿದ್ದ ವಿಮಾನಗಳಲ್ಲಿ ಅದನ್ನು ಹಿಂದಕ್ಕೆ ಎಳೆದರೆ ವೇಗ ಹೆಚ್ಚುತ್ತಿತ್ತು, ಬ್ರಿಟಿಷ್ ವಿಮಾನಗಳಲ್ಲಿ ಮುಂದಕ್ಕೆ ತಳ್ಳಿದರೆ ಹೆಚ್ಚುತ್ತಿತ್ತು. ಎಡಗೈಗೆ ವರ್ಷಗಳಿಂದ ರೂಢಿಯಾದದ್ದನ್ನು ಬುದ್ಧಿ ಎಷ್ಟು ಹೇಳಿದರೂ ಕೈ ಮರೆಯುವುದಿಲ್ಲ. ಭಾರತದಲ್ಲಿ ಕಾರು ಓಡಿಸಿ ಪೋಲೆಂಡಿನಲ್ಲಿ ಎಡಗಡೆಯ ಸೀಟಿನಲ್ಲಿ ಕುಳಿತ ಮೊದಲ ವಾರ, ಗೇರಿಗಾಗಿ ಬಾಗಿಲ ಹಿಡಿಯನ್ನು ತಡವಿದ ನನಗೆ ಇದು ಸ್ವಲ್ಪವಾದರೂ ಅರ್ಥವಾಗುತ್ತದೆ. ರೇಡಿಯೋದಲ್ಲಿ ಬರುವ ಇಂಗ್ಲಿಷ್ ಆಜ್ಞೆಗಳನ್ನು ಅಭ್ಯಾಸ ಮಾಡಲು ಅವರನ್ನು ಮೈದಾನದಲ್ಲಿ ರೇಡಿಯೋ ಕಟ್ಟಿದ ಸೈಕಲ್ಲುಗಳ ಮೇಲೆ ಸುತ್ತಿಸಿದರು.

ಆಗಸ್ಟ್ 30ರಂದು ತರಬೇತಿಯ ಹಾರಾಟದಲ್ಲಿದ್ದಾಗ ಲುದ್ವಿಕ್ ಪಾಶ್ಕಿಯೆವಿಚ್ ದೂರದಲ್ಲಿ ಜರ್ಮನ್ ವಿಮಾನಗಳನ್ನು ಕಂಡ. ರೇಡಿಯೋದಲ್ಲಿ ಹೇಳಿದ, ಉತ್ತರ ಬರಲಿಲ್ಲ. ಸಾಲು ಬಿಟ್ಟು ಹೋಗಿ ಒಂದನ್ನು ಉರುಳಿಸಿ ಬಂದ. ಶಿಸ್ತು ಮೀರಿದ್ದಕ್ಕೆ ಬೈಗುಳ, ಹೊಡೆದದ್ದಕ್ಕೆ ಅಭಿನಂದನೆ ಎರಡೂ ಸಿಕ್ಕವು. ಮರುದಿನವೇ ಸ್ಕ್ವಾಡ್ರನ್ನನ್ನು ಕಾದಾಟಕ್ಕೆ ಇಳಿಸಲಾಯಿತು. ಬ್ರಿಟನ್ ಕದನ ಎಂದು ಹೆಸರಾದ ಆ ವಾಯುಯುದ್ಧ ಮುಗಿಯುವ ಹೊತ್ತಿಗೆ ಅದರ ಹೆಸರಿನಲ್ಲಿ 126 ವಿಮಾನಗಳನ್ನು ಉರುಳಿಸಿದ ದಾಖಲೆಯಿತ್ತು. ಇಂಥ ಲೆಕ್ಕಗಳು ಎಲ್ಲ ದೇಶಗಳಲ್ಲೂ ಉಬ್ಬಿರುತ್ತವೆ, ಯುದ್ಧಾನಂತರದ ಪರಿಶೀಲನೆಯಲ್ಲಿ ಇದೂ ಇಳಿಯಿತು. ಆದರೂ ಹರಿಕೇನ್ ಹಾರಿಸಿದ ಸ್ಕ್ವಾಡ್ರನ್‌ಗಳಲ್ಲಿ ಅದರ ಮೇಲ್ಮೆಯನ್ನು ಯಾರೂ ಅಲ್ಲಗಳೆದಿಲ್ಲ. ಅವರಲ್ಲೇ ಅತಿ ಹೆಚ್ಚು ಉರುಳಿಸಿದವನು, ಹದಿನೇಳು, ಪೋಲಿಷನೇ ಅಲ್ಲ, ಯೋಸೆಫ್ ಫ್ರಾಂತಿಶೆಕ್ ಎಂಬ ಝೆಕ್. ಪಾಶ್ಕಿಯೆವಿಚ್ ಸೆಪ್ಟೆಂಬರ್ 27ರಂದು, ಫ್ರಾಂತಿಶೆಕ್ ಅಕ್ಟೋಬರ್ 8ರಂದು ಸತ್ತರು. ಆ ಕದನದಲ್ಲಿ ಹಾರಿದ ಪೋಲಿಷ್ ಪೈಲಟ್‌ಗಳು 145.

ಎಲ್ಲರೂ 303ರ ಕಥೆಯನ್ನೇ ಹೇಳುತ್ತಾರೆ. ಬಾಂಬರ್ ಸ್ಕ್ವಾಡ್ರನ್‌ಗಳಲ್ಲಿ ರಾತ್ರಿಯ ಕತ್ತಲಲ್ಲಿ ಹೋಗಿ ಬರದೇ ಹೋದವರ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. 1944ರ ಆಗಸ್ಟ್‌ನಲ್ಲಿ ವಾರ್ಸಾ ದಂಗೆಯೆದ್ದಾಗ, ಇಟಲಿಯ ಬ್ರಿಂಡಿಸಿಯಿಂದ ಹೊರಟ 1586ನೇ ವಿಶೇಷ ತುಕಡಿಯ ಪೋಲಿಷರು, ಬ್ರಿಟಿಷ್ ಮತ್ತು ದಕ್ಷಿಣ ಆಫ್ರಿಕಾದ ಸಂಗಾತಿಗಳೊಡನೆ ಇಡೀ ರಾತ್ರಿ ಹಾರಿ, ಉರಿಯುತ್ತಿದ್ದ ತಮ್ಮದೇ ರಾಜಧಾನಿಯ ಮೇಲೆ ಮದ್ದುಗುಂಡಿನ ಪೆಟ್ಟಿಗೆಗಳನ್ನು ಕೆಡವಿ ಮರಳುತ್ತಿದ್ದರು.

ಇವೆಲ್ಲವುಗಳಿಗಿಂತ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಒಂದು ಬಟ್ಟೆಯ ತುಂಡು. ಪರದೇಶದಲ್ಲಿರುವ ಪಡೆಗೆ ಧ್ವಜವಿಲ್ಲವಲ್ಲ, ಅದನ್ನು ತಾಯ್ನಾಡಿನ ಕೈಗಳೇ ಹೊಲಿದುಕೊಡಬೇಕು ಎಂಬ ಯೋಚನೆ ಫ್ರಾನ್ಸಿನಲ್ಲಿದ್ದಾಗಲೇ ಯಾನ್ ಹ್ರಿನಿಯೆವಿಚ್ ಎಂಬ ಪೈಲಟ್‌ನಿಗೆ ಬಂದಿತ್ತು. 1940ರಲ್ಲಿ ವಿಲ್ನೊ ನಗರದಲ್ಲಿ, ಅಂದರೆ ಇಂದಿನ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ, ಅದನ್ನು ಗುಟ್ಟಾಗಿ ಕಸೂತಿ ಹಾಕಿ ಸಿದ್ಧಪಡಿಸಿದರು. ಒಂದು ಮಗ್ಗುಲಲ್ಲಿ ಆ ಊರಿನ ಕೋಟೆಬಾಗಿಲ ಮೇಲಿರುವ ಮಾತೆ ಮರಿಯಳ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಸಂತ ತೆರೇಸಾ, ಜೊತೆಗೆ ‘ಪ್ರೀತಿ ಬಲಿ ಬೇಡುತ್ತದೆ’ ಎಂಬ ಸಾಲು. ಯುದ್ಧ ನಡೆದಿರುವ ಯುರೋಪಿನ ನಡುವೆ ಅದು ಜಪಾನಿನ ರಾಜತಾಂತ್ರಿಕ ಅಂಚೆಯಲ್ಲಿ ಬರ್ಲಿನ್ ಮೂಲಕವೇ ಸ್ಟಾಕ್‌ಹೋಮ್‌ಗೆ ಹೋಗಿ, ಅಲ್ಲಿಂದ ಲಂಡನ್ ತಲುಪಿತು. 1941ರ ಜುಲೈ 16ರಂದು ಇಂಗ್ಲೆಂಡಿನ ಸ್ವಿಂಡರ್ಬಿ ನೆಲೆಯಲ್ಲಿ, ಪರದೇಶದಲ್ಲಿದ್ದ ಪೋಲಿಷ್ ಸರ್ಕಾರದ ಪ್ರಧಾನಿ ಜನರಲ್ ಸಿಕೋರ್ಸ್ಕಿ ಅದನ್ನು ಪಡೆಗೆ ಒಪ್ಪಿಸಿದರು. ಅಲ್ಲಿಂದ ಮುಂದೆ ಧ್ವಜ ಒಂದೇ ಕಡೆ ನಿಲ್ಲಲಿಲ್ಲ. ಮೂರು ಮೂರು ತಿಂಗಳಿಗೊಮ್ಮೆ ಒಂದು ಸ್ಕ್ವಾಡ್ರನ್ನಿನಿಂದ ಇನ್ನೊಂದಕ್ಕೆ, ನಮ್ಮಲ್ಲಿ ಉತ್ಸವಮೂರ್ತಿ ಊರಿಂದೂರಿಗೆ ಬಿಜಯಂಗೈಯುವಂತೆ, ಸಾಗುತ್ತಿತ್ತು.

ಗೆದ್ದವರ ಸಾಲಿನಲ್ಲಿದ್ದೂ ಸೋತವರು ಅವರು. 1946ರ ಜೂನ್ 8ರಂದು ಲಂಡನ್ನಿನಲ್ಲಿ ನಡೆದ ವಿಜಯ ಮೆರವಣಿಗೆಗೆ ಬ್ರಿಟಿಷ್ ಸರ್ಕಾರ ಪಶ್ಚಿಮದಲ್ಲಿ ಹೋರಾಡಿದ ಪೋಲಿಷ್ ಸೇನೆಗಳಲ್ಲಿ ಕರೆದದ್ದು ಇಪ್ಪತ್ತೈದು ಪೈಲಟ್‌ಗಳನ್ನು ಮಾತ್ರ. ಭೂಸೇನೆ, ನೌಕಾಸೇನೆಯ ಗೆಳೆಯರಿಲ್ಲದೆ ನಾವು ಬರುವುದಿಲ್ಲ ಎಂದು ಅವರು ಹೋಗಲಿಲ್ಲ. ಅಷ್ಟು ಹೊತ್ತಿಗೆ ಪೋಲೆಂಡ್ ಸೋವಿಯತ್ ಹಿಡಿತಕ್ಕೆ ಬಂದು, ವಾರ್ಸಾದಲ್ಲಿ ಬೇರೊಂದು ಪೋಲಿಷ್ ವಾಯುಪಡೆಯಿತ್ತು. 1943ರಲ್ಲಿ ಸೋವಿಯತ್ ನೆಲದಲ್ಲಿ ಹುಟ್ಟಿದ ‘ವಾರ್ಸಾ’ ಫೈಟರ್ ರೆಜಿಮೆಂಟ್ ಅದರ ಬೀಜ. ಅದರ ವಿಮಾನಗಳು ಯಾಕ್ ಎಂಬ ಸೋವಿಯತ್ ಫೈಟರ್‌ಗಳು, ಪಡೆಯ ಮೊದಲ ಮುಖ್ಯಸ್ಥ ಫ್ಯೊದೊರ್ ಪೊಲಿನಿನ್ ಎಂಬ ಸೋವಿಯತ್ ಜನರಲ್. ರೆಕ್ಕೆಗಳ ಮೇಲೆ ಮಾತ್ರ ಅದೇ ಚೌಕಗಳು. ಬ್ರಿಟನ್ನಿನಿಂದ ಊರಿಗೆ ಮರಳಿದವರನ್ನು ಈ ಹೊಸ ಆಡಳಿತ ಅನುಮಾನದಿಂದ ನೋಡಿತು. ಪೋಲಿಷ್ ಪೈಲಟ್‌ಗಳಲ್ಲೇ ಅಗ್ರಗಣ್ಯನಾದ ಸ್ತಾನಿಸ್ವಾಫ್ ಸ್ಕಾಲ್ಸ್ಕಿ 1947ರಲ್ಲಿ ಮರಳಿದ, 1948ರಲ್ಲಿ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದ. ಅವನಿಗೆ ಮರಣದಂಡನೆಯಾಯಿತು, ಅದು ಜೀವಾವಧಿಗೆ ಇಳಿಯಿತು, 1956ರಲ್ಲಿ ಬಿಡುಗಡೆಯಾಯಿತು. ಮರಳದೆ ಉಳಿದವರು ಜಗತ್ತಿನಲ್ಲಿ ಚದುರಿದರು. ವ್ವಾದಿಸ್ವಾಫ್ ತುರೋವಿಚ್ ಮತ್ತು ಅವನ ಕೆಲವು ಸಂಗಾತಿಗಳು 1948ರಲ್ಲಿ ಆಗತಾನೇ ಹುಟ್ಟಿದ್ದ ಪಾಕಿಸ್ತಾನದ ವಾಯುಪಡೆ ಕಟ್ಟಲು ಹೋದರು. ತುರೋವಿಚ್ ಅಲ್ಲಿ ಏರ್ ಕಮೊಡೋರ್ ಆಗಿ, ಮುಂದೆ ಆ ದೇಶದ ಬಾಹ್ಯಾಕಾಶ ಸಂಸ್ಥೆಯನ್ನೂ ನಡೆಸಿದ.

ಕಮ್ಯುನಿಸ್ಟ್ ಕಾಲದ ಸಂಘಟನೆ ನನಗೆ ಅಷ್ಟೇನೂ ರುಚಿಸಿದ ವಿಷಯವಲ್ಲ. ವಾಯುಪಡೆ ಒಂದು, ದೇಶದ ವಾಯುರಕ್ಷಣೆ ಇನ್ನೊಂದು ಎಂದು ಎರಡು ಪ್ರತ್ಯೇಕ ಸೇನೆಗಳಿದ್ದು, 1990ರಲ್ಲಿ ಒಂದಾದವು. ವಿಮಾನಯಾನದ ದಿನವನ್ನೂ ಜ್ವಿರ್ಕೊ-ವಿಗೂರಾರ ಆಗಸ್ಟ್ 28ರಿಂದ ಕಿತ್ತು, ‘ವಾರ್ಸಾ’ ರೆಜಿಮೆಂಟ್ ಮೊದಲು ಕಾದಾಡಿದ ಆಗಸ್ಟ್ 23ಕ್ಕೆ ಸರಿಸಿದ್ದರು. 1953ರ ಮಾರ್ಚ್ 5ರಂದು ಫ್ರಾಂಚಿಷೆಕ್ ಯಾರೆಟ್ಸ್ಕಿ ಎಂಬ ಪೈಲಟ್ ತನ್ನ ಮಿಗ್-15 ಹಾರಿಸಿಕೊಂಡು ಹೋಗಿ ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದಲ್ಲಿ ಇಳಿದುಬಿಟ್ಟ. ಸ್ಟಾಲಿನ್ ಸತ್ತದ್ದೂ ಅದೇ ದಿನ.

ಆ ಕಾಲದ ಒಂದು ವಿಮಾನದ ಮುಂದೆ ಮಾತ್ರ ನಾನು ತಪ್ಪದೆ ನಿಲ್ಲುತ್ತಿದ್ದೆ. ತದೇವುಷ್ ಸೊವ್ತಿಕ್ ರೂಪಿಸಿ, 1960ರಲ್ಲಿ ಮೊದಲು ಹಾರಿದ ಟಿ.ಎಸ್.-11 ಇಸ್ಕ್ರಾ ಎಂಬ ತರಬೇತಿ ಜೆಟ್ ಅದು. ಇಸ್ಕ್ರಾ ಎಂದರೆ ಕಿಡಿ. ವಾರ್ಸಾ ಒಪ್ಪಂದದ, ಅಂದರೆ ಸೋವಿಯತ್ ಕೂಟದ, ದೇಶಗಳೆಲ್ಲ ಝೆಕೊಸ್ಲೊವಾಕಿಯಾದ ಎಲ್-29 ವಿಮಾನವನ್ನು ಒಪ್ಪಿಕೊಂಡಾಗ ಪೋಲೆಂಡೊಂದೇ ಹಟ ಹಿಡಿದು ತನ್ನ ಇಸ್ಕ್ರಾವನ್ನೇ ಇಟ್ಟುಕೊಂಡಿತು. ಅದನ್ನು ತನ್ನ ಪಡೆಗೆಂದು ಕೊಂಡ ಹೊರದೇಶ ಭಾರತ. ಬೆಂಗಳೂರಿನ ಎಚ್.ಎ.ಎಲ್. ತಯಾರಿಸುತ್ತಿದ್ದ ಕಿರಣ್ ತರಬೇತಿ ವಿಮಾನಗಳು ಸಾಲದೇ ಬಂದಾಗ, 1975-76ರಲ್ಲಿ ಐವತ್ತು ಇಸ್ಕ್ರಾಗಳು ಬಂದವು. ಹೈದರಾಬಾದಿನ ಹಕೀಂಪೇಟೆಯಲ್ಲಿ ನಮ್ಮ ಎಷ್ಟೋ ತಂಡದ ಹುಡುಗರು ಅದರಲ್ಲಿ ಕಲಿತರು. ನನ್ನ ದೊಡ್ಡಪ್ಪ ವಾಯುಪಡೆಯಲ್ಲಿ ತಂತ್ರಜ್ಞರಾಗಿ ಅಲ್ಲಿ ಕೆಲವು ವರ್ಷ ಇದ್ದವರು. ಸಂಗ್ರಹಾಲಯದಿಂದಲೇ ಫೋನ್ ಮಾಡಿ, "ದೊಡ್ಡಪ್ಪ, ನಿಮ್ಮ ಇಸ್ಕ್ರಾ ಇಲ್ಲಿ ನಿಂತಿದೆ" ಎಂದೆ. ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗಾಳಿ ಒಳಗೆ ಹೋಗೋ ಬಾಯಿಗೆ ಮುಚ್ಚಳ ಹಾಕಿದ್ದಾರಾ ನೋಡೋ, ಇಲ್ಲದಿದ್ರೆ ಗುಬ್ಬಚ್ಚಿ ಗೂಡು ಕಟ್ಟಿಬಿಡುತ್ತೆ" ಎಂದರು. ಬಗ್ಗಿ ನೋಡಿದೆ. ಹಾಕಿದ್ದರು.

1999ರಲ್ಲಿ ಪೋಲೆಂಡ್ ನೇಟೋ ಸೇರಿತು. 2003ರಲ್ಲಿ ಅಮೆರಿಕದಿಂದ 48 ಎಫ್-16ಗಳಿಗೆ ಒಪ್ಪಂದವಾಗಿ, ಮೊದಲನೆಯವು 2006ರ ನವೆಂಬರಿನಲ್ಲಿ ಪೊಜ್ನಾನ್ ಬಳಿಯ ಕ್ಷೆಸಿನಿಗೆ ಬಂದಿಳಿದವು. 2020ರಲ್ಲಿ 32 ಎಫ್-35ಗಳಿಗೆ ಸಹಿ ಬಿತ್ತು. ವಿಮಾನಗಳು ಹೊಸದಾದಷ್ಟು ಬೇಗ ಸಂಸ್ಥೆ ಹೊಸದಾಗಲಿಲ್ಲ. 2008ರ ಜನವರಿಯಲ್ಲಿ ಮಿರೊಸ್ವಾವಿಯೆತ್ಸ್‌ನಲ್ಲಿ ಸೇನಾ ಸಾರಿಗೆ ವಿಮಾನವೊಂದು ಉರುಳಿ ಇಪ್ಪತ್ತು ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಾರ್ಸಾದಲ್ಲಿ ವಿಮಾನ ಸುರಕ್ಷತೆಯ ಬಗ್ಗೆ ನಡೆದ ಸಮ್ಮೇಳನ ಮುಗಿಸಿ ಮರಳುತ್ತಿದ್ದ ವಾಯುಪಡೆಯ ಅಧಿಕಾರಿಗಳು. ಎರಡೇ ವರ್ಷಗಳ ಬಳಿಕ, 2010ರ ಏಪ್ರಿಲ್ 10ರಂದು, ರಷ್ಯಾದ ಸ್ಮೊಲೆನ್ಸ್ಕ್‌ನಲ್ಲಿ ರಾಷ್ಟ್ರಪತಿಯೂ ವಾಯುಪಡೆಯ ಮುಖ್ಯಸ್ಥರೂ ಸೇರಿ 96 ಜನರನ್ನು ಕಳೆದುಕೊಂಡದ್ದೂ ಅದೇ ಪಡೆಯ ವಿಮಾನದಲ್ಲಿ. ಗಣ್ಯರನ್ನು ಹೊತ್ತೊಯ್ಯುತ್ತಿದ್ದ 36ನೇ ವಿಶೇಷ ರೆಜಿಮೆಂಟನ್ನು ಮರುವರ್ಷ ವಿಸರ್ಜಿಸಲಾಯಿತು. ಸಾಹಸದ ಕಥೆಗಳನ್ನು ಹೇಳಿಕೊಂಡು ಬೆಳೆದ ಪಡೆಗೆ ದಿನನಿತ್ಯದ ನಿಯಮಪಾಲನೆ ಸಪ್ಪೆಯಾಗಿ ಕಾಣುತ್ತದೆಯೇನೋ ಎಂದು ಆ ಎರಡು ಘಟನೆಗಳ ಬಗ್ಗೆ ಓದುವಾಗ ಅನ್ನಿಸಿದ್ದುಂಟು.

ನಾನು ಕೊಂಡು ತಂದ ಪೋಸ್ಟ್‌ಕಾರ್ಡಿನ ಮಿಗ್-29 ವಾರ್ಸಾ ಬಳಿಯ ಮಿನ್ಸ್ಕ್ ಮಾಜೊವಿಯೆಟ್ಸ್ಕಿ ನೆಲೆಯದು. ರಷ್ಯಾದಲ್ಲಿ ಮಾಡಿದ ವಿಮಾನ. ಅದರ ಬಾಲದ ಮೇಲೆ ಅಮೆರಿಕನ್ ಒಬ್ಬ ಬರೆದ ಕೊಷ್ಚೂಷ್ಕೊ ಲಾಂಛನ, ಜೊತೆಗೆ ಬ್ರಿಟನ್ನಿನಲ್ಲಿ ಕಾದಾಡಿದ 303ರ ಪೈಲಟ್ ಒಬ್ಬನ ಮುಖಚಿತ್ರ. ವಿಲ್ನೊದಲ್ಲಿ ಕಸೂತಿ ಹಾಕಿದ ಧ್ವಜ ಯುದ್ಧದ ನಂತರ ಬಹುಕಾಲ ಲಂಡನ್ನಿನಲ್ಲೇ ಇದ್ದು, 1992ರಲ್ಲಿ ಪೋಲೆಂಡಿಗೆ ಬಂತು, ಈಗ ದೆಂಬ್ಲಿನ್‌ನಲ್ಲಿದೆ. ಅದನ್ನು ಹೊಲಿದ ಊರು ಈಗ ಬೇರೆ ದೇಶದ ರಾಜಧಾನಿ, ಆ ದೇಶಕ್ಕೆ ಸ್ವಂತದ ಯುದ್ಧವಿಮಾನಗಳಿಲ್ಲ. ನೇಟೋ ದೇಶಗಳು ಸರದಿಯ ಮೇಲೆ ತಮ್ಮ ವಿಮಾನಗಳನ್ನು ಕಳುಹಿಸಿ ಅದರ ಆಕಾಶವನ್ನು ಕಾಯುತ್ತವೆ. 2006ರ ಜನವರಿಯಲ್ಲಿ ಪೋಲೆಂಡಿನ ಸರದಿ ಮೊದಲ ಸಲ ಬಂದಾಗ ಲಿಥುವೇನಿಯಾದ ಶಿಯೌಲ್ಯಾಯ್ ನೆಲೆಗೆ ಹೋಗಿ ಇಳಿದದ್ದು ನಾಲ್ಕು ಮಿಗ್-29ಗಳು, ಎಡ ಮೇಲ್ಮೂಲೆಯಲ್ಲಿ ಬಿಳಿ ಚೌಕವಿದ್ದವು.